ಒಳ್ಳೆಯ ಕಣ್ಣಿಗೆ ಪ್ಯಾಚ್

ಮಗಳ ಎಡಗಣ್ಣಿನ ಪಾಪೆಯೊಳಗೆ ಬಿಳಿ ಚುಕ್ಕೆ ಕಂಡಾಗ ಅವಳಿಗೆ ಎರಡು ತಿಂಗಳು. ಸ್ನಾನ ಮಾಡಿಸಿ ಬಿಸಿಲಿಗೆ ಹಿಡಿದಿದ್ದೆ. ಹಾಲಿನ ಕೆನೆಯಂತೆ ಹೊಳೆಯಿತು.

"ದೃಷ್ಟಿ ಕಣಮ್ಮ. ಕಣ್ಗೆ ಎದೆಹಾಲು ಬುಡು, ಓಯ್ತದೆ," ಎಂದರು ಅತ್ತೆ.

ಬಿಟ್ಟೆ. ಒಂದು ದಿನವಲ್ಲ, ಎರಡು ತಿಂಗಳು. ಹಾಲು ಒಡೆದು ಕಣ್ಣಿನ ಮೂಲೆಯಲ್ಲಿ ಹಳದಿ ಗೀಜು ಕಟ್ಟುತ್ತಿತ್ತು. ಹುಳಿ ವಾಸನೆ. ಒರೆಸಿ ಮತ್ತೆ ಬಿಡುತ್ತಿದ್ದೆ. ನನ್ನ ಆ ಕೈ ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಚುಚ್ಚುಮದ್ದಿಗೆ ಹೋದಾಗ ನರ್ಸ್ ಟಾರ್ಚ್ ಹಾಕಿ ನೋಡಿ, ಅವತ್ತೇ ಕಣ್ಣಿನ ಆಸ್ಪತ್ರೆಗೆ ಓಡಿಸಿದರು.

ಹುಟ್ಟಿನಿಂದ ಬಂದ ಕ್ಯಾಟರಾಕ್ಟ್, ಕಣ್ಣಿನ ಪೊರೆ.

ಆಪರೇಷನ್ ಆದರೆ ಮುಗಿಯಿತು ಎಂದುಕೊಂಡಿದ್ದೆ. ಡಾಕ್ಟರಮ್ಮ ಕೂರಿಸಿ ಹೇಳಿದರು: "ನೋಡೋದನ್ನ ಮೆದುಳು ಕಲೀಬೇಕಮ್ಮ. ಕಣ್ಣಿಂದ ಸುದ್ದಿ ಬರ್ತಾ ಇದ್ರೇನೆ ಅಲ್ಲಿನ ಜೀವಕೋಶಗಳು ಸರಿಯಾಗಿ ಬೆಳೆದು ಒಂದಕ್ಕೊಂದು ಕೂಡಿಕೊಳ್ಳೋದು. ಈ ಕಣ್ಣಿಂದ ಏನೂ ಬರ್ಲಿಲ್ಲ. ಅದರ ಜಾಗಾನ ಒಳ್ಳೆ ಕಣ್ಣು ತಗೊಂಡ್ಬಿಟ್ಟಿದೆ. ಇನ್ಮೇಲೆ ದಿನಾ ಕೆಲವು ಗಂಟೆ ಒಳ್ಳೆ ಕಣ್ಣನ್ನೇ ಮುಚ್ಚಬೇಕು."

"ಪೂರ್ತಿ ಕಾಣುತ್ತಾ ಮೇಡಂ?"

"ಹೇಳಕ್ಕಾಗಲ್ಲ. ಬಂದಿದ್ದು ತಡ."

ಆಪರೇಷನ್ ಆದ ಮೇಲೆ ಎಡಗಣ್ಣಿಗೆ ದಪ್ಪ ಕನ್ನಡಕ, ಬಲಗಣ್ಣಿಗೆ ಪ್ಯಾಚ್. ಅಂಟಿಸಿದ ಕೂಡಲೇ ಅವಳು ಕಿರುಚಿ ಕಿರುಚಿ ಕುಡಿದದ್ದನ್ನೆಲ್ಲ ಕಕ್ಕುತ್ತಿದ್ದಳು. ಕಕ್ಕಿದ್ದು ಪ್ಯಾಚಿನ ಅಂಚಿಗೆ ಇಳಿದು ನಾರುತ್ತಿತ್ತು. ಕಿತ್ತರೆ ಹುಬ್ಬಿನ ಕೂದಲು, ಚರ್ಮದ ಸಿಪ್ಪೆ, ಕೆಳಗೆ ಹಸಿ ಕೆಂಪು. ಉದಯಗಿರಿಯ ಗ್ಯಾರೇಜಿನಿಂದ ಊಟಕ್ಕೆ ಬಂದ ನನ್ನ ಗಂಡ ತಟ್ಟೆ ಬಿಟ್ಟು ಎದ್ದುಹೋಗುತ್ತಿದ್ದರು. ಆಗ ನನಗೆ ಅವರ ಮೇಲೂ ಅಸಹ್ಯ. ಕೆಟ್ಟ ಮಾತು ಹೇಳುತ್ತೇನೆ, ಮಗುವಿನ ಮೇಲೂ.

ಅಷ್ಟರಲ್ಲಿ ನಾದಿನಿಯ ಸೀಮಂತ ಬಂತು.

"ನೆಂಟ್ರೆಲ್ಲ ಬತ್ತಾರೆ. ಆ ಪಟ್ಟಿ ತೆಗ್ದುಬುಡು, ನೋಡಕ್ಕಾಗಕ್ಕಿಲ್ಲ," ಎಂದರು ಅತ್ತೆ.

ತೆಗೆದೆ. ಸೀಮಂತ ಮುಗಿದ ಮೇಲೂ ಹಾಕಲಿಲ್ಲ. ಮನೆ ನಾರುವುದು ನಿಂತಿತ್ತು, ಅಳು ನಿಂತಿತ್ತು.

ಮುಂದಿನ ಚೆಕಪ್‌ನಲ್ಲಿ ಡಾಕ್ಟರಮ್ಮ ಬಲಗಣ್ಣು ಮುಚ್ಚಿ ಎಡಗಣ್ಣಿನ ಮುಂದೆ ಕೆಂಪು ಗೊಂಬೆ ಆಡಿಸಿದರು. ಆ ಕಣ್ಣು ಅದರ ಹಿಂದೆ ಹೋಗಲಿಲ್ಲ.

"ದಿನಾ ಹಾಕ್ತಿದ್ದೀರಾ?"

"ಹಾಕ್ತಿದ್ದೀವಿ ಮೇಡಂ."

"ಸುಳ್ಳು ಮೇಡಂ," ಎಂದರು ನನ್ನ ಗಂಡ. "ಹದಿನೈದು ದಿನದಿಂದ ಹಾಕಿಲ್ಲ. ನನಗೂ ಗೊತ್ತಿತ್ತು."



ಮರುದಿನದಿಂದ ಅವರು ಗ್ಯಾರೇಜಿಗೆ ತಡವಾಗಿ ಹೋಗತೊಡಗಿದರು. ಗ್ರೀಸ್ ಮೆತ್ತಿದ ಉಗುರುಗಳನ್ನು ಸೋಪಿನಲ್ಲಿ ಉಜ್ಜಿ ಮಗುವಿನ ಎರಡೂ ಕೈ ಹಿಡಿದುಕೊಳ್ಳುತ್ತಿದ್ದರು. ನಾನು ಅಂಟಿಸುತ್ತಿದ್ದೆ. ಅವಳು ಅವರ ಅಂಗಿಯ ಮೇಲೆ ಕಕ್ಕುತ್ತಿದ್ದಳು. ಅವರು ಕದಲುತ್ತಿರಲಿಲ್ಲ.

ಹೋದ ವಾರ ಅವಳಿಗೆ ಹನ್ನೊಂದು ತಿಂಗಳು ತುಂಬಿತು. ಪ್ಯಾಚ್ ಹಾಕಿಕೊಂಡೇ ಅಡುಗೆಮನೆಯಲ್ಲಿ ಅಂಬೆಗಾಲಿಡುತ್ತಿದ್ದವಳು ತಟ್ಟನೆ ನಿಂತು, ದಿಕ್ಕು ಬದಲಿಸಿ, ನೇರವಾಗಿ ಹೋಗಿ ಏನನ್ನೋ ಎತ್ತಿ ಬಾಯಿಗಿಟ್ಟುಕೊಂಡಳು. ಬೆರಳು ಹಾಕಿ ತೆಗೆದೆ.

ಸತ್ತ ಜಿರಲೆ.

"ಥೂ, ಥೂ! ಏನ್ ತಿಂದ್ಬುಟ್ಲಮ್ಮ!" ಎಂದು ಅತ್ತೆ ಓಡಿಬಂದರು.

"ಅತ್ತೆ, ಒಳ್ಳೆ ಕಣ್ಣು ಮುಚ್ಚಿದೆ. ಆ ಕಣ್ಣಲ್ಲೇ ನೋಡಿದ್ದು."

ಬಲಗಣ್ಣಿನಷ್ಟು ಅದು ಎಂದೂ ಕಾಣಲಿಕ್ಕಿಲ್ಲ ಎಂದಿದ್ದಾರೆ ಡಾಕ್ಟರಮ್ಮ. ಇನ್ನೂ ವರ್ಷಗಟ್ಟಲೆ ಪ್ಯಾಚ್ ಇದೆ. ಜಿರಲೆಯನ್ನು ಎಸೆದು, ಕೈ ತೊಳೆಯಲು ಬಚ್ಚಲಿಗೆ ಹೋದೆ. ತಿರುಗಿ ಬಂದಾಗ ಅತ್ತೆ ಅವಳನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನ ತುದಿಯಿಂದ ನಾಲಿಗೆ ಒರೆಸುತ್ತ ಅಳುತ್ತಿದ್ದರು.