ಗಡಿಗೆಯಲ್ಲಿ ಸತ್ತ ಶಾಂಪೇನ್

ಹೆಂಗಸು ಹೆಂಡದ ರುಚಿ ಹೇಳಬಾರದು ಎನ್ನುವವರಿಗೆ ನಾನು ಎಂದೂ ಸೊಪ್ಪು ಹಾಕಿದವಳಲ್ಲ. ಲಿಂಗಸುಗೂರಿನ ಸೇಂದಿ ಅಂಗಡಿಯಲ್ಲಿ ನನ್ನ ಕೆಲಸವೇ ಅದು. ಬೆಳಿಗ್ಗೆ ಈಚಲು ಮರದಿಂದ ಇಳಿದ ಸೇಂದಿಯನ್ನು ಒಂದು ಗುಟುಕು ಕುಡಿದು, ನಿನ್ನೆಯದು ಬೆರೆತಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆ. ಗಂಡ ಸತ್ತ ಮೇಲೆ ನನಗೆ ಅನ್ನ ಹಾಕಿದ್ದು ಈ ನಾಲಗೆಯೇ.

ನಿಜಾಮನ ಆಳ್ವಿಕೆ ಮುಗಿದ ಮರುವರ್ಷ, ಊರು ಬಿಟ್ಟ ಒಬ್ಬ ಸಾಹೇಬ ತನ್ನ ಮನೆಯ ಮುದಿ ಅಡಿಗೆಯವರೊಬ್ಬರಿಗೆ ಒಂದು ಶಾಂಪೇನ್ ಬಾಟಲಿ ಕೊಟ್ಟು ಹೋಗಿದ್ದ. ಹೊಸ ಅಧಿಕಾರಿಗಳಿಗೆ ಊಟ ಹಾಕಿಸಲು ಹೊರಟ ನಮ್ಮ ಅಂಗಡಿಯ ಗುತ್ತೇದಾರ ಅದನ್ನು ಕೊಂಡ, ಅಡಿಗೆಗೂ ಅವರನ್ನೇ ಕರೆಸಿದ. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಬಾಟಲಿಯ ಚೀಟಿ ಮೇಲಿನ ಇಸವಿ ತೋರಿಸಿ ಹೇಳಿದರು: "ದ್ರಾಕ್ಷಿ ಚಲೋ ಬಂದ ವರ್ಷ ಅಷ್ಟ ಇದನ್ನ ಮಾಡ್ತಾರ ಬೇಟಿ. ಇಟ್ಟಷ್ಟೂ ರುಚಿ."

ಸಂಜೆಗೇ ಹುಳಿಯಾಗುವ ಸೇಂದಿ ಕಂಡವಳು ನಾನು, ನಕ್ಕುಬಿಟ್ಟೆ. ಜನ್ಮದಲ್ಲಿ ಒಂದು ಹನಿ ಮುಟ್ಟದ ಚಾಚಾ ತಣ್ಣಗಿರಲೆಂದು ಬಾಟಲಿಗೆ ಹಗ್ಗ ಕಟ್ಟಿ ಬಾವಿಗಿಳಿಸಿ, "ಕುಡಿಯೂಮುಂದ ಅಷ್ಟ ಮುಚ್ಚಳ ತೆಗೀರಿ" ಎಂದು ಅಡಿಗೆಗೆ ಹೋದರು.

ಗುತ್ತೇದಾರ ಕೇಳಬೇಕಲ್ಲ! ಸೇಂದಿಗೆ ಮಣ್ಣಿನ ಗಡಿಗೆಯಲ್ಲೇ ರುಚಿ, ಇದಕ್ಕೂ ಹಾಗೇ ಎಂದು ಬೆಳಿಗ್ಗೆಯೇ ಬಿಚ್ಚಿಸಿ, ಒಂದು ಸಣ್ಣ ಗಡಿಗೆಗೆ ಸುರಿ ಎಂದ. ಸುರಿದೆ. ತಪ್ಪು ನನ್ನ ಕೈಯದೂ ಹೌದು. ಗಡಿಗೆ ತುಂಬಿ ಉಳಿದಷ್ಟನ್ನು ಬಾಟಲಿಯಲ್ಲೇ ಬಿಟ್ಟು, ಬಾಯಿಗೆ ಅರಿವೆ ತುರುಕಿ ಮತ್ತೆ ಬಾವಿಗಿಳಿಸಿದೆ.

ಮಧ್ಯಾಹ್ನ ಅಧಿಕಾರಿಗಳು ಮೊದಲ ಗುಟುಕಿಗೇ ಮುಖ ಸಿಂಡರಿಸಿದರು. ಶಾಂಪೇನಿನಲ್ಲಿ ಏಳಬೇಕಾದ ಗುಳ್ಳೆ ಇಲ್ಲ, ಬರೀ ಮಣ್ಣಿನ ವಾಸನೆ. ಗುತ್ತೇದಾರ ಎಲ್ಲರೆದುರು ಚಾಚಾನ ಕೊರಳಪಟ್ಟಿ ಹಿಡಿದ.

"ಹಳಸಿದ ಶರಬತ್ತು ತುಂಬಿ ಮಾರೀಯೇನಲೇ ಮುದುಕಾ? ಠಾಣೇಕ್ಕ ಕೊಡ್ತೀನಿ!"

ಸಾಹೇಬ ಹೋದ ಮೇಲೆ ಆ ಮುದುಕರ ಪರವಾಗಿ ಬಾಯಿ ಬಿಡುವವರು ಊರಲ್ಲಿ ಯಾರೂ ಉಳಿದಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಬಾವಿಯಿಂದ ಬಾಟಲಿ ಎಳೆದು ತಂದು, ಉಳಿದದ್ದನ್ನು ಗಾಜಿನ ಲೋಟಕ್ಕೆ ಸುರಿದು ಬಿಸಿಲಿಗೆ ಹಿಡಿದೆ. ತಳದಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು.

"ನೋಡ್ರಿ, ಇದಕ್ಕಿನ್ನೂ ಜೀವ ಐತಿ. ಗಡಿಗ್ಯಾಗ ಹಾಕಿ ಕೊಂದಾಕಿ ನಾನು, ಹಾಕು ಅಂದವ್ರು ನಮ್ಮ ಧಣ್ಯಾರು. ಚಾಚಾಂದು ಏನೂ ತಪ್ಪಿಲ್ರಿ."

ಹಿರಿಯ ಅಧಿಕಾರಿ ಲೋಟ ನೋಡಿ, "ಬಿಡ್ರಿ ಅವರನ್ನ" ಎಂದ.

ಗುತ್ತೇದಾರ ಕೊರಳಪಟ್ಟಿ ಬಿಟ್ಟು ನನ್ನತ್ತ ತಿರುಗಿದ. "ನಾಳಿಂದ ಅಂಗಡಿ ಕಡಿ ಬರಬ್ಯಾಡ ಬೇ. ಆ ಲೋಟ ಇತ್ತ ತಾ."

ಕೊಡಲಿಲ್ಲ. ಅವನ ಕಣ್ಣೆದುರೇ ನಾನು ಕುಡಿದೆ.

ಚಾಚಾ ಮೆಲ್ಲಗೆ ಕೇಳಿದರು: "ಹ್ಯಾಂಗೈತಿ ಬೇಟಿ? ಇಷ್ಟು ವರ್ಷ ಬಡಿಸೀನಿ, ಯಾರೂ ನನಗ ಹೇಳಿದ್ದಿಲ್ಲ."

ಕೆಲಸ ಹೋಗಿತ್ತು, ಅವಸರವೇನಿತ್ತು? ಅಧಿಕಾರಿಗಳ ನಡುವೆಯೇ ನಿಂತು ಹೇಳಿದೆ: "ಮೊದ್ಲಿಗೆ, ಹಂಚಿನ ಮ್ಯಾಲೆ ತುಸು ಸೀದ ಜ್ವಾಳದ ರೊಟ್ಟಿ ವಾಸನಿ ಬರತೈತಿ ಚಾಚಾ. ಆಮ್ಯಾಲೆ ಒಣಗಿದ ಬಾರಿಹಣ್ಣಿನ ಹುಳಿ. ನುಂಗಿದ ಮ್ಯಾಲೂ ನಾಲಿಗಿ ಮ್ಯಾಲೆ ಚಿಟಿಚಿಟಿ ಅನ್ನಾಕತ್ತೈತಿ. ಇಟ್ಟಷ್ಟೂ ರುಚಿ ಅಂದಿದ್ರಲ್ಲ, ಖರೆ ಐತ್ರಿ."