ಬಿರುಕಿನ ಬಾಣಂತಿ

ಹಲ್ಲಿ ಕಂಡರೆ ಕುರ್ಚಿ ಹತ್ತುವ ಗಂಡಸು ನಾನು. ಅಂಥವನು ಸಂಜೆ ಬ್ಯಾಂಕಿನಿಂದ ಬಂದವನೇ ಕಾಫಿ ಹಿಡಿದು ಕಾಂಪೌಂಡಿನ ಕಲ್ಲುಗೋಡೆಯ ಮುಂದೆ ಕೂರುತ್ತೇನೆಂದರೆ, ಅದಕ್ಕೆ ಕಾರಣ ಕಿರುಬೆರಳುದ್ದದ ಒಂದು ಕಲ್ಲುಹಲ್ಲಿ.

ವರ್ಗವಾಗಿ ವಡೋದರಾದ ಮಕರಪುರಕ್ಕೆ ಬಂದ ಮೇಲೆ ನನಗೆ ಪರಿಚಯವಾದ ಮೊದಲ ನೆರೆಯವಳು ಇವಳೇ. ಟ್ಯೂಬ್‌ಲೈಟಿನ ಹಿಂದೆ ಬೊಜ್ಜು ಬೆಳೆಸಿಕೊಂಡು ಬಿದ್ದಿರುವ ಮನೆಹಲ್ಲಿಯ ಜಾತಿಯಲ್ಲ. ಕಲ್ಲಿನದೇ ಬಣ್ಣ, ಕಲ್ಲಿನದೇ ಮಚ್ಚೆ. ಅಲ್ಲಾಡಿದರಷ್ಟೇ ಇದ್ದಾಳೆಂದು ಗೊತ್ತಾಗುವುದು. ಬೆರಳಡಿಯಲ್ಲಿ ಅಂಟೇನೂ ಇಲ್ಲ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿವೆಯಂತೆ; ಅವುಗಳ ಬಲದಲ್ಲೇ ತಲೆಕೆಳಗಾಗಿ ಓಡುತ್ತಾಳೆ. ನಾನೋ, ಒದ್ದೆ ಬಚ್ಚಲಲ್ಲಿ ನೆಟ್ಟಗೆ ನಿಲ್ಲಲಾರೆ. ಅವಳ ಕಣ್ಣಿಗೆ ರೆಪ್ಪೆಯಿಲ್ಲ. ಧೂಳು ಕೂತರೆ ನಾಲಗೆ ಚಾಚಿ ಒರೆಸಿಕೊಳ್ಳುತ್ತಾಳೆ. ಈ ಊರಿನ ಧೂಳಿಗೆ ದಿನವಿಡೀ ಕನ್ನಡಕ ಒರೆಸುವ ನನಗೆ ಹೊಟ್ಟೆಕಿಚ್ಚಾಗದೆ ಇದ್ದೀತೆ?

ಬೇಸಿಗೆಯಲ್ಲಿ ಗೋಡೆಯ ಬಿರುಕಿನೊಳಗೆ ಎರಡು ಬಿಳಿ ಮೊಟ್ಟೆ ಕಂಡವು. ಕಾವು ಕೊಡುವ ಕೆಲಸ ತಾಯಿಯದಲ್ಲ, ಬಿಸಿಲುಂಡ ಕಲ್ಲಿನದು. ಎಂಥ ಅಚ್ಚುಕಟ್ಟಾದ ಸಂಸಾರ ಎಂದು ಹಿಗ್ಗುತ್ತಿರುವಾಗಲೇ ನಮ್ಮ ಸೊಸೈಟಿಯ ಸೆಕ್ರೆಟರಿ ಜಯಂತಿಭಾಯಿ ಒಂದು ಸಂಜೆ ಮೇಸ್ತ್ರಿಯೊಡನೆ ಬಂದು, ನಾಳೆ ಬಿರುಕುಗಳಿಗೆಲ್ಲ ಸಿಮೆಂಟು ತುಂಬಿಸುವುದಾಗಿ ಹೇಳಿದರು. ಮರಿಯಾಗುವವರೆಗೆ ಇದೊಂದನ್ನು ಬಿಡಿ ಎಂದು ಹರುಕು ಹಿಂದಿಯಲ್ಲಿ ಗೋಗರೆದೆ.

"ಅರೆ ಸಾಹೇಬ್, ಛಿಪ್ಕಲಿ ಕೆ ಲಿಯೇ?" ಎಂದು, ಒಂದು ಹಲ್ಲಿಗೋಸ್ಕರ ಇಷ್ಟೆಲ್ಲವೇ ಎಂಬಂತೆ ಅವರು ನಕ್ಕುಬಿಟ್ಟರು.

ಪಕ್ಕದಲ್ಲಿದ್ದ ನನ್ನ ಅಮ್ಮನಿಗೆ ತಡೆಯಲಾಗಲಿಲ್ಲ. ಹಲ್ಲಿ ಮೈಮೇಲೆ ಬಿದ್ದರೆ ತಲೆಗೆ ನೀರು ಹಾಕಿಕೊಂಡು, ಪಂಚಾಂಗ ತೆಗೆದು ಫಲ ನೋಡುವವಳು ಅವಳು. ಆದರೂ, "ಬಾಣಂತಿ ಕಣೋ ಅದು! ಮರಿ ಹೊರಗೆ ಬಂದೇ ಬರತ್ತೆ, ಯಾರೂ ಮುಚ್ಚಲ್ಲ ಅಂತ ಹೇಳು ಇವರಿಗೆ" ಎಂದಳು. ಹೇಳಿದ್ದೇ ತಡ, ಬಿರುಕಿನೊಳಗಿಂದ ಲೊಚ್ ಲೊಚ್! ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವಾಗುತ್ತದೆಂದು ನಮ್ಮ ಕಡೆಯ ನಂಬಿಕೆ. ಅಮ್ಮ ತಕ್ಷಣ ಬೆರಳಿನಿಂದ ಗೋಡೆ ತಟ್ಟಿ, ಕಣ್ಣು ಮುಚ್ಚಿ "ಕೃಷ್ಣ ಕೃಷ್ಣ" ಎಂದಳು.

ಕನ್ನಡ ಬಾರದ ಜಯಂತಿಭಾಯಿಗೆ ಕಂಡದ್ದಿಷ್ಟೇ: ವಯಸ್ಸಾದ ತಾಯಿಯೊಬ್ಬಳು ಬಿರುಕಿನ ಮುಂದೆ ನಿಂತು ಭಕ್ತಿಯಿಂದ ಕೃಷ್ಣನನ್ನು ಕರೆಯುತ್ತಿದ್ದಾಳೆ. ನಗು ಮಾಯವಾಯಿತು. ಚಪ್ಪಲಿ ಬಿಟ್ಟು, "ಜೈ ಶ್ರೀಕೃಷ್ಣ!" ಎಂದು ಗೋಡೆಗೆ ಕೈಮುಗಿದರು. ಆ ಜಾಗ ಮುಟ್ಟಕೂಡದೆಂದು ಮೇಸ್ತ್ರಿಗೆ ಅಪ್ಪಣೆಯೂ ಆಯಿತು. ನಿಜ ಹೇಳೋಣವೆಂದು ಬಾಯಿ ತೆರೆದೆ. ಅಮ್ಮ ಕಣ್ಣಲ್ಲೇ ಗದರಿದಳು, ಮುಚ್ಚಿಕೊಂಡೆ.

ಗೋಡೆಯಲ್ಲಿ ಈಗ ಉಳಿದಿರುವುದು ಅದೊಂದೇ ಬಿರುಕು. ಸಂಜೆಯಾದರೆ ಯಾರಾದರೊಬ್ಬರು ಅಲ್ಲಿ ದೀಪ ಹಚ್ಚಿ, ಚಿಟಿಕೆ ಸಕ್ಕರೆ ಇಟ್ಟು ಹೋಗುತ್ತಾರೆ. ದೀಪಕ್ಕೆ ಹುಳು ಬರುತ್ತವೆ. ಹುಳುವಿಗೆ ತಾಯಿಯೂ, ಅಕ್ಕಿಕಾಳಿನಂಥ ಕಾಲುಗಳ ಎರಡು ಮರಿಗಳೂ ಬರುತ್ತವೆ. ದೇವರಿಗೆ ನೈವೇದ್ಯ ತೋರಿಸಿ ನಾವೇ ತಿಂದದ್ದು ಜನ್ಮವಿಡೀ ಆಯಿತು. ಭಕ್ತರ ಎದುರೇ ಹೊಟ್ಟೆತುಂಬ ಉಂಡು, ಆಮೇಲೆ ನಾಲಗೆಯಿಂದ ಕಣ್ಣೊರೆಸಿಕೊಂಡ ದೇವರನ್ನು ನಾನು ಕಂಡದ್ದು ಮಾತ್ರ ಇಲ್ಲೇ.