ಹೆಬ್ಬೆರಳು ದಾಟದ ಕಿಟಕಿ

ಪುಲಿಕೇಶಿನಗರದ ನಮ್ಮ ಅಂಗಡಿಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಕಿವಿಯ ಮೆಷಿನ್ ಮಾರುವ, ರಿಪೇರಿ ಮಾಡುವ ಅಂಗಡಿ ಅದು. ಒಳಗೆ ದಪ್ಪ ಗೋಡೆಯ ಪುಟ್ಟ ಕೋಣೆಯೊಂದಿದೆ. ಮೇಡಂ ಅಲ್ಲಿ ಯಾರನ್ನಾದರೂ ಕೂರಿಸಿ ಕಿವಿ ಪರೀಕ್ಷೆ ಮಾಡುತ್ತಿದ್ದರೆ, ಹೊರಗೆ ನಾವು ಟೀ ಲೋಟವನ್ನೂ ಸದ್ದಾಗದಂತೆ ಇಡುತ್ತೇವೆ. ಮಧ್ಯಾಹ್ನ ಬೀದಿಯ ಮರಗಳ ನೆರಳು ಗಾಜಿನ ಬಾಗಿಲ ಮೇಲೆ ಅಲುಗಾಡುವಾಗ, ನಾವೆಲ್ಲ ನೀರಿನ ಕೆಳಗೆ ಕೂತು ಕೆಲಸ ಮಾಡುತ್ತಿದ್ದೇವೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಈ ಮೌನದಿಂದ ನಮಗೊಂದು ಪದ್ಧತಿ ಬಂದಿತ್ತು. ಒಬ್ಬರಿಗೊಬ್ಬರು ಹೇಳಬೇಕಾದದ್ದನ್ನು ಫೋನಿನಲ್ಲಿ, ಟೀಮಿನ ಆ್ಯಪ್‌ನಲ್ಲಿ ಬರೆಯುತ್ತಿದ್ದೆವು. ಓದಿದವರು ಉತ್ತರ ಬರೆಯುತ್ತಿರಲಿಲ್ಲ, ಆ ಸಾಲಿನ ಮೇಲೆ ಒಂದು ಹೆಬ್ಬೆರಳಿನ ಗುರುತು ಒತ್ತುತ್ತಿದ್ದರು. ಎಲ್ಲರ ಕೈಯಲ್ಲೂ ಏನಾದರೊಂದು ಇರುತ್ತಿತ್ತು. ನನ್ನ ಕೈಯಲ್ಲಿ ಅಚ್ಚಿನ ಹಿಟ್ಟು. ಮೆಷಿನ್ ಸರಿಯಾಗಿ ಕೂರಲೆಂದು ಒಬ್ಬೊಬ್ಬರ ಕಿವಿಯ ಅಚ್ಚು ತೆಗೆಯುವುದು ನನ್ನ ಕೆಲಸ.

ವೆಬ್‌ಸೈಟಿನ ಮೂಲೆಯಲ್ಲಿ ನಮ್ಮದೊಂದು ಚಾಟ್ ಕಿಟಕಿಯಿದೆ. ಮೆಷಿನ್ ಕೆಟ್ಟವರು ಫೋನ್ ಮಾಡಿ ಏನು ಮಾಡಿಯಾರು? ನಾವು ಹೇಳಿದ್ದು ಅವರಿಗೆ ಕೇಳಬೇಕಲ್ಲ. ಆದರೆ ಅಲ್ಲಿ ಬರೆದದ್ದು ಮುಂದಿನ ಮೇಜಿನ ಕಂಪ್ಯೂಟರಿಗೆ ಮಾತ್ರ ಬರುತ್ತಿತ್ತು. ಆ ಮೇಜಿನವರು ಊಟಕ್ಕೆ ಎದ್ದರೆ ಮುಗಿಯಿತು. ಆ ಚಾಟನ್ನು ನಮ್ಮ ಟೀಮಿನ ಆ್ಯಪ್‌ಗೆ ಜೋಡಿಸಿದವರು ರಿಪೇರಿಯವರು. ಕಲಬುರಗಿ ಕಡೆಯವರು, ಸಂಸಾರದೊಂದಿಗೆ ಕೆ.ಆರ್. ಪುರದಲ್ಲಿ ಬಾಡಿಗೆಗೆ ಇದ್ದರು. ಜೋಡಿಸಿದ ದಿನ ತಮ್ಮ ಫೋನಿನಲ್ಲಿ ವೆಬ್‌ಸೈಟ್ ತೆರೆದು "ಹಲೋ" ಎಂದು ಬರೆದರು. ಅದು ನನ್ನ ಫೋನಿನಲ್ಲಿ ಮೂಡಿತು. ಅದರ ಕೆಳಗೆ ನಾನು "ಹೇಳಿ" ಎಂದು ಬರೆದೆ.

"ಬಂತು ನೋಡ್ರಿ ಅಕ್ಕಾ," ಎಂದು ಪಿಸುಗುಟ್ಟಿದರು. "ಇನ್ನ ಯಾರೂ ತಪ್ಪಿಸ್ಕೊಳ್ಳಂಗಿಲ್ಲ."

ನಾವು ನೋಡಿದ್ದು ಅಷ್ಟೇ. ಬರೆದ ಮಾತು ಆ ಕಡೆ ಹೋಗುತ್ತದೆಯೇ ಎಂದು ನೋಡಿದೆವು. ಹೆಬ್ಬೆರಳು ಹೋಗುತ್ತದೆಯೇ ಎಂದು ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಅದು ಒಂದು ಭಾನುವಾರ. ಮೊದಲೇ ಕೇಳಿ ಬರುವವರಿಗಾಗಿ ಮಾತ್ರ ಅಂಗಡಿ ತೆರೆದಿತ್ತು. ನಾನು ಒಬ್ಬ ಅಜ್ಜಿಯ ಕಿವಿಗೆ ಹಿಟ್ಟು ತುಂಬಿ, ಅದು ಗಟ್ಟಿಯಾಗಲೆಂದು ಕಾಯುತ್ತಿದ್ದೆ. ಮೇಜಿನ ಮೇಲಿದ್ದ ಫೋನಿನಲ್ಲಿ ಸಾಲುಗಳು ಮೂಡತೊಡಗಿದವು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ.

"ಮೆಷಿನ್ ನಿಂತಿದೆ. ಇವತ್ತು ಮಗಳ ನಿಕಾಹ್. ತರಬಹುದಾ?"

ಶಿವಾಜಿನಗರದಲ್ಲಿ ಲೇಸು, ಜರಿ ಅಂಚು ಮಾರುವ ಸಾಹೇಬರು. ನಮಗೆಲ್ಲ ಗೊತ್ತಿದ್ದವರು. ಮತ್ತೊಂದು ಸಾಲು ಬಂತು.

"ಒಪ್ಪಿಗೆ ಕೇಳೋಕೆ ಅವಳ ಹತ್ರ ನಾನೇ ಹೋಗಬೇಕು. ಅವಳು ಹೇಳಿದ್ದು ನನ್ನ ಕಿವಿಗೆ ಬೀಳಬೇಕು."

ಆಮೇಲೆ: "ಮನೇಲಿ ಯಾರಿಗೂ ಹೇಳಿಲ್ಲ. ಗೊತ್ತಾದ್ರೆ ನನ್ನ ಬದಲು ನನ್ನ ತಮ್ಮನನ್ನ ಕಳಿಸ್ತಾರೆ."

ಅವರಲ್ಲಿ ನಿಕಾಹ್‌ಗೆ ಮೊದಲು ಹೆಣ್ಣಿನ ಕಡೆಯ ಹಿರಿಯರೊಬ್ಬರು ಇಬ್ಬರು ಸಾಕ್ಷಿಗಳೊಂದಿಗೆ ಅವಳ ಕೋಣೆಗೆ ಹೋಗಿ ಒಪ್ಪಿಗೆ ಕೇಳುತ್ತಾರೆ. ಅವಳು ಹೇಳಿದ್ದನ್ನು ಮಸೀದಿಯಲ್ಲಿರುವ ಖಾಜಿಗಳಿಗೆ ತಲುಪಿಸುತ್ತಾರೆ. ಆ ಹಿರಿಯರಾಗಿ ಹೋಗಬೇಕಿದ್ದವರು ಇವರು.

ನಾನು ನೋಡುತ್ತಿದ್ದಂತೆಯೇ ಆ ಸಾಲುಗಳ ಕೆಳಗೆ ಗುರುತುಗಳು ಅರಳಿದವು. ಮೇಡಂ ಒತ್ತಿದ ಹೃದಯ. ಮುಂದಿನ ಮೇಜಿನವರ ಕೈಮುಗಿದ ಚಿತ್ರ. ರಿಪೇರಿಯವರ ಹೆಬ್ಬೆರಳು. ಸ್ವಲ್ಪ ಹೊತ್ತಿನ ಮೇಲೆ ಸಾಹೇಬರು "ಅಂಗಡಿ ಇದೆಯಾ?" ಎಂದು ಕೇಳಿದರು. ಅದಕ್ಕೂ ಒಂದು ಹೆಬ್ಬೆರಳು ಬಿತ್ತು. ಗಾಜಿನಾಚೆ ರಿಪೇರಿಯವರು ಮೇಜಿನ ಮೇಲಿದ್ದದ್ದನ್ನೆಲ್ಲ ಸರಿಸಿ, ದೀಪ ಹಚ್ಚಿ, ಬಿಳಿ ಬಟ್ಟೆ ಹಾಸಿದರು. ಸಾಹೇಬರ ಕಿವಿಗೆ ಹೊಂದಿಸಿದ ಬದಲಿ ಮೆಷಿನ್ನನ್ನೂ ತಯಾರು ಮಾಡಿ ಪಕ್ಕದಲ್ಲಿಟ್ಟರು. ಅದನ್ನೆಲ್ಲ ನಾನು ಕಣ್ಣಾರೆ ಕಂಡೆ. ಸಾಹೇಬರನ್ನು ಯಾರೂ ಕಡೆಗಣಿಸಲಿಲ್ಲ. ಇದನ್ನು ಬರೆಯುವಾಗಲೂ ನನ್ನನ್ನು ನಡುಗಿಸುವುದು ಅದೇ.

ನಾವು ಅವರಿಗಾಗಿ ಕಾದೆವು. ಅಜ್ಜಿ ಹೋದರು. ನೆರಳು ಬಾಗಿಲು ದಾಟಿ ನೆಲಕ್ಕೆ ಬಂತು.

"ಸಾಹೇಬ್ರು ಬರ್ಲೇ ಇಲ್ಲಲ್ರೀ," ಎಂದರು ರಿಪೇರಿಯವರು.

"ಮದುವೆ ಮನೆ ಅಲ್ವಾ, ಮೆಷಿನ್ ತಾನೇ ಸರಿಹೋಗಿರತ್ತೆ," ಎಂದರು ಮೇಡಂ.

"ಒಂದು ಫೋನ್ ಮಾಡೋಣ್ವಾ?" ಎಂದೆ.

"ಕಿವಿ ಕೇಳದವರಿಗೆ ಫೋನಾ? ನೀವೂ ಛಲೋ ಹೇಳ್ತೀರಿ ಅಕ್ಕಾ." ಹಾಗೆಂದು ನಕ್ಕ ರಿಪೇರಿಯವರು ಮರುಕ್ಷಣವೇ ಬದಲಿ ಮೆಷಿನ್ನನ್ನು ಡಬ್ಬಿಗೆ ಹಾಕಿಕೊಂಡು ಎದ್ದುಬಿಟ್ಟರು. "ನಡೀರಿ, ಕೊಟ್ಟೇ ಬರೋಣು."

ಅವರ ಸ್ಕೂಟರಿನ ಹಿಂದೆ ಕೂತು ಹೋದೆ. ಕೋಲ್ಸ್ ರಸ್ತೆಯ ಗದ್ದಲವೂ ನನಗೆ ದೂರದಿಂದ ಬಂದಂತೆ ಕೇಳುತ್ತಿತ್ತು. ಶಿವಾಜಿನಗರದ ಆ ಗಲ್ಲಿಯ ಬಾಯಲ್ಲಿ ಶಾಮಿಯಾನದ ಹಸಿರು ಬಟ್ಟೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಗಂಡಸರು ಮಸೀದಿಯಿಂದ ಹಿಂದಿರುಗಿ ಬರುತ್ತಿದ್ದರು. ಒಬ್ಬರು ನನ್ನ ಅಂಗೈಗೆ ಒಣ ಖರ್ಜೂರ ಹಾಕಿದರು. ಹಾಗೆ ಖರ್ಜೂರ ಹಂಚುವುದು ನಿಕಾಹ್ ಮುಗಿದ ಮೇಲೆ.

ಸಾಹೇಬರು ಮೆಟ್ಟಿಲ ಬಳಿ ಕುರ್ಚಿಯಲ್ಲಿ ಒಬ್ಬರೇ ಕೂತಿದ್ದರು. ಹೊಸ ಶೇರ್ವಾನಿ, ಅತ್ತರಿನ ವಾಸನೆ. ನಮ್ಮನ್ನು ಕಂಡು ಎದ್ದು ನಿಂತು, ಸಂಕೋಚದಿಂದ ಫೋನು ತೋರಿಸಿದರು.

"ಅಂಗಡಿ ರಜಾ ಅಂದ್ಕೊಂಡೆ ಬೇಟಾ. ಕೇಳದೇ ಬರಬಾರದು ಅಂತ ನಿಮ್ದೇ ರೂಲ್ಸು."

ಅವರ ಫೋನಿನಲ್ಲಿ ಅವರ ನಾಲ್ಕು ಸಾಲುಗಳಷ್ಟೇ ಇದ್ದವು. ಕೆಳಗೆ ಬಿಳಿ, ಬರೀ ಬಿಳಿ. ನಾನು ನನ್ನ ಫೋನನ್ನು ಪಕ್ಕಕ್ಕೆ ಹಿಡಿದೆ. ಅವೇ ನಾಲ್ಕು ಸಾಲುಗಳು. ಕೆಳಗೆ ಹೃದಯ, ಕೈ, ಹೆಬ್ಬೆರಳುಗಳು. ನಾವು ಕೊಟ್ಟ ಉತ್ತರವೆಲ್ಲ ನಮ್ಮ ಕಡೆಯೇ ಉಳಿದುಕೊಂಡಿತ್ತು. ಅವರು ಎರಡನ್ನೂ ನಿಧಾನವಾಗಿ ನೋಡಿದರು. ನನ್ನ ಫೋನಿನ ಹೃದಯದ ಮೇಲೆ ಬೆರಳಿಟ್ಟು, "ಇದು ಯಾರು?" ಎಂದರು. ಮೇಡಂ ಎಂದು ಬಾಯಿ ಅಗಲಿಸಿ ಹೇಳಿದೆ. ಅವರು ತಲೆಯಾಡಿಸಿದರು.

ಮಗಳ ಕೋಣೆಗೆ ಸಾಹೇಬರ ಬದಲು ಅವರ ತಮ್ಮ ಹೋಗಿಬಂದಿದ್ದರು. ಹೊರಡುವ ಹೊತ್ತಿಗೆ ಆ ತಮ್ಮ ಹಿಂದಿನಿಂದ ಕರೆದದ್ದು ಇವರಿಗೆ ಕೇಳಿಸಲಿಲ್ಲವಂತೆ. ಅಲ್ಲಿಗೆ ಮನೆಯವರಿಗೆಲ್ಲ ಗೊತ್ತಾಯಿತು.

ರಿಪೇರಿಯವರು ಅಲ್ಲೇ ಮೆಟ್ಟಿಲ ಮೇಲೆ ಕೂತು ಸಾಹೇಬರ ಕಿವಿಗೆ ಬದಲಿ ಮೆಷಿನ್ ಕೂರಿಸಿದರು. ಸಾಹೇಬರು ಒಮ್ಮೆ ಕಣ್ಣು ಮುಚ್ಚಿ ತೆರೆದರು. ಮೇಲಿನ ಹೆಂಗಸರ ನಗು, ಪಾತ್ರೆಯ ಸದ್ದು ಎಲ್ಲ ಒಮ್ಮೆಗೇ ಒಳಗೆ ಹೊಕ್ಕಿರಬೇಕು.

"ನೀನೂ ಬಾ ಬೇಟಾ," ಎಂದು ನನ್ನನ್ನು ಮೇಲೆ ಕರೆದೊಯ್ದರು.

ಮಗಳು ಕೆಂಪು ದುಪಟ್ಟಾದೊಳಗೆ ತಲೆ ಬಗ್ಗಿಸಿ ಕೂತಿದ್ದಳು. ನಾನು ಹುಟ್ಟಿ ಬೆಳೆದದ್ದು ಹಲಸೂರಿನಲ್ಲಾದ್ದರಿಂದ ಅವರಾಡುವ ದಖನಿ ಉರ್ದು ನನಗೆ ಅರ್ಥವಾಗುತ್ತದೆ. ಇನ್ನೊಂದು ಸಲ ಹೇಳು, ನನಗೆ ಮಾತ್ರ ಎಂದರು ಅಪ್ಪ.

"ಅದೆಲ್ಲ ಇನ್ನೊಂದು ಸಲ ಹೇಳೋದಲ್ಲ ಅಬ್ಬಾ," ಎಂದಳು. "ನಾನು ಹೇಳಿದ್ದು ಚಾಚಾಗೂ ಕೇಳಿಸ್ಲಿಲ್ಲ. ಎರಡು ಸಲ ಕೇಳಿದ್ರು, ಪಾಪ."

ಹೆಂಗಸರು ನಕ್ಕರು. ಅಪ್ಪನೂ ನಗಲು ನೋಡಿದರು, ಆಗಲಿಲ್ಲ. ಅವಳು ಅವರ ತೋಳು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಆಮೇಲೆ ನೆಲವನ್ನೇ ನೋಡುತ್ತ, ತುಟಿ ಅಲುಗಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ, ಊಟ ಮಾಡಿದಿರಾ ಎಂದು ಕೇಳಿದಳು.

ಅಪ್ಪ ಅವಳ ಮುಖ ನೋಡುತ್ತಿರಲಿಲ್ಲ. ಕಿಟಕಿಯಾಚೆ ಉಬ್ಬುತ್ತಿದ್ದ ಹಸಿರು ಬಟ್ಟೆಯ ಕಡೆ ಅವರ ಕಣ್ಣಿತ್ತು.

"ಇಲ್ಲ," ಎಂದರು. "ಇನ್ನೂ ಇಲ್ಲ."